ಅಕ್ಕನ ಸ್ಕೀಮು

ಇನ್ನೇನು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ, ನೋಯುವ ಸೊಂಟವನ್ನು ಸೀಟಿನ ಬೆನ್ನಿಗೆ ಆದಷ್ಟೂ ಒತ್ತಿಕೊಂಡು, ಅದರ ಒಳಗಿನಿಂದ ಏರಿಬರುತ್ತಿದ್ದ ಬಿಸಿಗೆ ಮೈಯೊಡ್ಡಿ ಕೂತಿದ್ದಳು. ಚಳಿಗೆ ಗಾಜಿನ ಅಂಚೆಲ್ಲ ಮಬ್ಬಾಗಿತ್ತು. ಸೇತುವೆಯ ಮೇಲೆ ವಾಹನಗಳು ಒಂದರ ಹಿಂದೊಂದು ತೆವಳುತ್ತಿದ್ದವು. ಸೇತುವೆ ಇಳಿಯುವಷ್ಟರಲ್ಲಿ ಸೀಟಿನ ಬಿಸಿ ನಿಲ್ಲುತ್ತದೆ, ಅಕ್ಕ ಒಂದು ಗಳಿಗೆ ಸುಮ್ಮನಿರುತ್ತಾಳೆ, ಆಮೇಲೆ ನರಳುತ್ತಾಳೆ, ಅವಳು ನರಳುವ ಹೊತ್ತಿಗೆ ಸರಿಯಾಗಿ ಎದುರಿನ ಪರದೆಯ ಮೇಲೆ ಒಂದು ವಾಕ್ಯ ಮೂಡುತ್ತದೆ. ಆ ವಾಕ್ಯ ಬರೆದವನು ಅವನೇ. ಇಷ್ಟೆಲ್ಲ ಗೊತ್ತಿದ್ದೂ ಸ್ಟೀರಿಂಗ್ ಹಿಡಿದು ಕೂರುವುದೆಂದರೆ ಬಾಯಲ್ಲಿ ಯಾರದೋ ಎಂಜಲು ಇಟ್ಟುಕೊಂಡು ಕೂತ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮುಂದಿನ ಲಾರಿ ಒಂದು ಮಾರು ಸರಿಯಿತು. ಇವನೂ ಸರಿದ.

"ಅಯ್ಯೋ ಅಮ್ಮಾ," ಎಂದಳು ಅಕ್ಕ. ಹೊಟ್ಟೆಯಾಳದಿಂದ ಎದ್ದು, ಎದೆಯಲ್ಲಿ ಒಮ್ಮೆ ತಡೆದು, ಬಾಯಿಗೆ ಬರುವಷ್ಟರಲ್ಲಿ ಎರಡು ತುಂಡಾಗುವ ನರಳಿಕೆ ಅದು. "ಹೋಯ್ತು ನೋಡು. ಸೇತುವೆ ಬಂತು, ಇದಕ್ಕೆ ಸಾವು ಬಂತು. ಹಾಳಾದ್ದು, ಎಳೇ ಮಗೂಗೆ ಮೊಲೆ ಬಿಡಿಸಿದ ಹಾಗೆ ಬಿಡಿಸ್ತಲ್ಲೋ. ಶೋರೂಮಿನವರಿಗೆ ತೋರಿಸಿದ್ಯಾ?"

"ತೋರಿಸ್ತೀನಿ ಅಕ್ಕ."

"ಹೋದ ವಾರಾನೂ ಇದನ್ನೇ ಅಂದೆ. ನಿಮ್ಮದೇ ಕಂಪನಿ ಕಾರು. ನಿನಗೇ ಹೀಗೆ ಕೆಟ್ಟಿದ್ದನ್ನ ಕೊಟ್ರೆ ಕಂಡೋರ ಗತಿಯೇನು ಮರಿ?"

ಪರದೆಯ ಮೇಲೆ ಅಕ್ಷರಗಳು ಬಂದಿದ್ದವು. 'ನಿಮ್ಮ ಹಿತ ಇಲ್ಲಿಗೇ ನಿಲ್ಲಬೇಕಿಲ್ಲ.' ಕೆಳಗೆ ಎರಡು ಗುಂಡಿಗಳು: 'ಮುಂದುವರಿಸಿ', 'ಈಗ ಬೇಡ'. ಮೊದಲನೆಯದನ್ನು ಒತ್ತಿದರೆ ತಿಂಗಳು ತಿಂಗಳು ಸಂಬಳದಲ್ಲಿ ಒಂದಿಷ್ಟು ಹಿಡಿದುಕೊಂಡು ಬಿಸಿಯನ್ನು ಬಿಟ್ಟುಕೊಡುತ್ತಾರೆ. ಅಕ್ಕನ ಕನ್ನಡಕ ಕೈಚೀಲದಲ್ಲಿತ್ತು, ಅವಳಿಗೆ ಅಲ್ಲೇನೋ ಬೆಳಕಾಗಿದೆ ಎಂದಷ್ಟೇ ಕಾಣುತ್ತಿತ್ತು. ಅವನು ಎಂದಿನಂತೆ 'ಈಗ ಬೇಡ' ಒತ್ತಿದ. ವಾಕ್ಯ ನಗುನಗುತ್ತಲೇ ಹಿಂದೆ ಸರಿಯಿತು. ಹಾಗೆ ನಗುತ್ತಾ ಸರಿಯಬೇಕು, ಮುಖ ಗಂಟಿಕ್ಕಿಕೊಂಡು ಹೋಗಬಾರದು ಎಂದು ಸಭೆಯಲ್ಲಿ ವಾದಿಸಿ ಗೆದ್ದವನೂ ಅವನೇ.

ಕಾರಿನ ಕಂಪನಿಯಲ್ಲಿ ಅವನ ಕೆಲಸ ವಾಕ್ಯ ಬರೆಯುವುದು. ಬಾಗಿಲು ಸರಿಯಾಗಿ ಹಾಕಿಲ್ಲ, ಬೆಲ್ಟು ಕಟ್ಟಿಕೊಳ್ಳಿ ಎಂಬಂಥ ವಾಕ್ಯಗಳಿಂದ ಶುರುವಾದ ನೌಕರಿ. ಆಗ ಅದರಲ್ಲೊಂದು ಮಾನ ಇತ್ತು. ಯಾರದೋ ಮಗು ಅರೆತೆರೆದ ಬಾಗಿಲಿನಿಂದ ಬೀಳದೆ ಉಳಿದಿದ್ದರೆ ಅದರಲ್ಲಿ ತನ್ನದೂ ಒಂದು ಪಾಲಿದೆ ಎಂದು ರಾತ್ರಿ ಮಲಗುವಾಗ ಅನ್ನಿಸುತ್ತಿತ್ತು. ಆಮೇಲೆ ಕಂಪನಿಗೆ ಜ್ಞಾನೋದಯವಾಯಿತು. ಬಿಸಿಯ ತಂತಿಯನ್ನು ಕೆಲವು ಸೀಟಿಗೆ ಹಾಕಿ ಕೆಲವಕ್ಕೆ ಬಿಡುವುದಕ್ಕಿಂತ ಎಲ್ಲ ಸೀಟಿಗೂ ಹಾಕಿಬಿಡುವುದೇ ಅಗ್ಗ. ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ತಿಂಗಳ ಬಾಡಿಗೆಗೆ ಕೊಡುವುದು. ತಂತಿ ನಿನ್ನದು, ಸೀಟು ನಿನ್ನದು, ಅದರ ಮೇಲೆ ಊರಿದ ಕುಂಡೆಯೂ ನಿನ್ನದೇ. ಬಿಸಿ ಮಾತ್ರ ನಮ್ಮದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಊಟದ ಮನೆಯಲ್ಲಿ ಅವನೇ ಒಮ್ಮೆ ತಮಾಷೆ ಮಾಡಿದ್ದ, ಎಲ್ಲರೂ ನಕ್ಕಿದ್ದರು. ತಾನು ಪೂಜಾರಿ ಕೂಡ ಅಲ್ಲ, ಹೊರಗೆ ನಿಂತು ಗಂಟೆ ಉಜ್ಜುವವನು ಎಂದು ಆಮೇಲೆ ಕೈ ತೊಳೆಯುವಾಗ ಹೊಳೆದು, ಸೋಪು ಎರಡೆರಡು ಸಲ ಹಚ್ಚಿಕೊಂಡಿದ್ದ. ಕಿಟಕಿಯಾಚೆ ಸೈಕಲ್ಲಿನವನೊಬ್ಬ ಬಾಯಿಂದ ಹೊಗೆ ಬಿಡುತ್ತಾ ಇವರನ್ನು ದಾಟಿ ಹೋದ. ಅಕ್ಕ ಎರಡು ಕೈಯನ್ನೂ ಸೊಂಟದ ಹಿಂದೆ ತೂರಿಸಿ, ಸೀಟಿನಲ್ಲಿ ಇನ್ನೂ ಉಳಿದಿದ್ದ ಕಾವನ್ನು ತಡಕುತ್ತಿದ್ದಳು.

"ನಿನ್ನ ಕಾರಲ್ಲಿ ಬರೋದು ನನಗೆ ಯಾಕಿಷ್ಟ ಗೊತ್ತೇನೋ?" ಎಂದು ಅವಳು ಒಮ್ಮೆ ಕೇಳಿದ್ದಳು. "ಬಿಸಿಗಲ್ಲ. ಇದೊಂದು ನರಳೋ ಕೋಣೆ ಸಿಕ್ಕಿದ ಹಾಗೆ. ಬಾಗಿಲು ಹಾಕಿದ್ರೆ ಯಾರಿಗೂ ಕೇಳಲ್ಲ." ಮನೆಯಲ್ಲಿ ಅವಳು ನರಳುವಂತಿರಲಿಲ್ಲ. ಬಾಯಿಂದ ಒಂದು 'ಉಶ್' ಬಿದ್ದರೂ ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಮತ್ತೊಂದು ಆಪರೇಷನ್ನಿನ ಮಾತು ಬರುತ್ತಿತ್ತು, ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು, ಮಗ ಮೆಟ್ಟಿಲಿಲ್ಲದ ಮನೆ ಹುಡುಕುತ್ತೇನೆ ಎಂದು ಫೋನು ಹಿಡಿದು ಕೂರುತ್ತಿದ್ದ. ಕೆಟ್ಟವರಲ್ಲ, ಅದೇ ಕಷ್ಟ. ಹಾಗಾಗಿ ಅಕ್ಕ ಅವರಿಗೆಂದು ಒಂದು ದನಿ ಮಾಡಿಟ್ಟುಕೊಂಡಿದ್ದಳು. 'ಇಲ್ಲಪ್ಪ, ಏನೂ ನೋವಿಲ್ಲ, ಆರಾಮಾಗಿದೀನಿ.' ಇಸ್ತ್ರಿ ಮಾಡಿ ಮಡಚಿಟ್ಟ ದನಿ. ಹೋಟೆಲ್ಲಿನ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಕಂಡವರ ಹಾಸಿಗೆಯ ಹೊದಿಕೆಗೆ ಇಸ್ತ್ರಿ ಹಾಕಿ ಹಾಕಿಯೇ ಅವಳ ಸೊಂಟ ಹೋದದ್ದು. ಅವ್ವ ಇಲ್ಲದ ಮನೆಯಲ್ಲಿ, ಅವನಿನ್ನೂ ಶಾಲೆಗೆ ಹೋಗುವಾಗ, ಚಳಿಯ ಬೆಳಿಗ್ಗೆ ಅವಳು ಅಂಗಿಗೆ ಇಸ್ತ್ರಿ ಉಜ್ಜಿ, ಕಾವು ಆರುವ ಮೊದಲೇ ಅವನ ತಲೆಯ ಮೇಲಿಂದ ಇಳಿಸಿಬಿಡುತ್ತಿದ್ದಳು. ಶಾಲೆಯ ಗೇಟಿನವರೆಗೂ ಬೆನ್ನು ಬೆಚ್ಚಗಿರುತ್ತಿತ್ತು. ಅದಕ್ಕೆ ಯಾರೂ ತಿಂಗಳ ಬಾಡಿಗೆ ಕೇಳಿರಲಿಲ್ಲ ಎಂದುಕೊಂಡ. ಎಂದುಕೊಂಡ ಕೂಡಲೇ ಆ ಯೋಚನೆಯೂ ಯಾವುದೋ ಜಾಹೀರಾತಿಗೆ ಹೊಂದಿಸಿದ ಸಾಲಿನಂತೆ ಕೇಳಿ ಹೇಸಿಗೆಯಾಯಿತು. ಅವನ ತಲೆಯೊಳಗೆ ಈಗ ಬರೇ ಯೋಚನೆ ಹುಟ್ಟುವುದಿಲ್ಲ, ವಾಕ್ಯ ಹುಟ್ಟುತ್ತದೆ.

ಇದೆಲ್ಲ ಶುರುವಾದದ್ದು 'ಮನೆ ಮಾತಿ'ನಿಂದ. ವಿಭಾಗದ ಮುಖ್ಯಸ್ಥ ತಂದ ಪದ್ಧತಿ. ಸಿಕ್ಕವರಿಗೆಲ್ಲ ಜೇಬಿನಿಂದ ಪೆಪ್ಪರಮಿಂಟು ತೆಗೆದು ಕೊಡುತ್ತಿದ್ದುದರಿಂದ ಆತನ ಹೆಸರೇ ಪೆಪ್ಪರಮಿಂಟು ಎಂದಾಗಿತ್ತು. ಅದು ಆತನಿಗೂ ಗೊತ್ತು, ಖುಷಿಯೂ ಇತ್ತು. ಸೋಮವಾರದ ಸಭೆ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ನಿಜವಾದ ಸಂಗತಿ ಹೇಳಬೇಕು. ಗ್ರಾಹಕರನ್ನು ಅರಿಯಬೇಕಾದರೆ ಮೊದಲು ಮನುಷ್ಯರಾಗಬೇಕು ಎನ್ನುತ್ತಿದ್ದ ಪೆಪ್ಪರಮಿಂಟು. ಉಳಿದವರು ಮಕ್ಕಳ ತೊದಲು, ಮಾವನ ಗೊರಕೆ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳುವಂಥ ಮನೆಯೇ ಇಲ್ಲ. ವಾರದಿಂದ ವಾರಕ್ಕೆ 'ಏನೂ ವಿಶೇಷ ಇಲ್ಲ ಸರ್' ಎಂದು ಹೇಳಿ ಕೂರುವಾಗ ಕುತ್ತಿಗೆ ಬಿಸಿಯಾಗುತ್ತಿತ್ತು. ಹಾಗೆ ಒಂದು ಸೋಮವಾರ ಬಾಯಿಗೆ ಬಂದದ್ದು ಅಕ್ಕ. ಸೀಟು ಬಿಸಿಯಾದಾಗ ಅವಳ ಮುಖ ಹೇಗೆ ಸಡಿಲವಾಗುತ್ತದೆ, ಅದು ನಿಂತಾಗ ಹೇಗೆ ಒಂದು ಗಳಿಗೆ ನಂಬಲಾರದೆ ಸುಮ್ಮನಿರುತ್ತಾಳೆ, ಆಮೇಲೆ ಹೇಗೆ ನರಳುತ್ತಾಳೆ. ಹೇಗೆ ಎಂದು ಯಾರೋ ಕೇಳಿದರು. ಅವನು ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ನರಳಿ ತೋರಿಸಿದ. ಹೊಟ್ಟೆಯಿಂದ ಎತ್ತಿ, ಎದೆಯಲ್ಲಿ ತಡೆದು, ಎರಡು ತುಂಡು ಮಾಡಿ.

ಎಂಥ ನಗೆ ಎದ್ದಿತು ಆವತ್ತು. ಚಾರ್ಟು ಬಿಡಿಸುವ ಹುಡುಗಿ ಮೇಜು ತಟ್ಟಿ ನಕ್ಕಳು. ಇಷ್ಟು ವರ್ಷ ಅವನತ್ತ ತಿರುಗಿ ನೋಡದವರು 'ಇನ್ನೊಂದ್ಸಲ ಸರ್' ಎಂದರು, ಅವನು ಇನ್ನೊಂದು ಸಲವೂ ಮಾಡಿದ. ಪೆಪ್ಪರಮಿಂಟು ಮಾತ್ರ ನಗಲಿಲ್ಲ, ಪೆನ್ನು ತೆಗೆದು ಬರೆದುಕೊಂಡ: ಬಿಸಿಯನ್ನೇ ನೋಡದವನು ಬಿಸಿ ಕೇಳುವುದಿಲ್ಲ, ದಾರಿಯ ಮಧ್ಯೆ ಕಸಿದುಕೊಂಡರೆ ಕೇಳುತ್ತಾನೆ. ಎಲ್ಲರಿಗೂ ಸ್ವಲ್ಪ ದೂರ ಪುಕ್ಕಟೆ ಕೊಡುವುದು, ಮೈಗೆ ಹಿತ ಹತ್ತಿದ ಮೇಲೆ ನಿಲ್ಲಿಸುವುದು, ನಿಲ್ಲಿಸಿದ ತಕ್ಷಣ ವಾಕ್ಯ ತೋರಿಸದೆ, ಅಕ್ಕ ಸುಮ್ಮನಿರುತ್ತಾಳಲ್ಲ, ಅಷ್ಟು ಹೊತ್ತು ಬಿಟ್ಟು ತೋರಿಸುವುದು. ಅದಕ್ಕೆ 'ಅಕ್ಕನ ಸ್ಕೀಮು' ಎಂದು ಹೆಸರಾಯಿತು. ಹಾಳೆಗಳ ಮೇಲೆ, ಗೋಡೆಯ ಮೇಲಿನ ಚಾರ್ಟಿನ ತಲೆಯ ಮೇಲೆ, ಲಿಫ್ಟಿನಲ್ಲಿ ಆಡುವ ಮಾತಿನಲ್ಲಿ ಅಕ್ಕ, ಅಕ್ಕ, ಅಕ್ಕ. 'ಅಕ್ಕ ಈ ತಿಂಗಳು ಏರಿದಾಳೆ.' 'ಅಕ್ಕನ್ನ ಹಿಂದಿನ ಸೀಟಿಗೂ ಹಾಕೋಣ.' ಹೊಸದೇನು ಬಂದರೂ ಮೊದಲು ನೌಕರರ ಕಾರಿಗೇ ಹಾಕಿ ನೋಡುವುದು ಕಂಪನಿಯ ನಿಯಮವಾದ್ದರಿಂದ, ಅಕ್ಕನ ಸ್ಕೀಮು ಎಲ್ಲರಿಗಿಂತ ಮೊದಲು ಬಂದು ಕೂತದ್ದು ಅಕ್ಕನ ಬೆನ್ನಿನ ಕೆಳಗೆ.

'ಮುಂದುವರಿಸಿ' ಒತ್ತಿಬಿಡಬಹುದಿತ್ತು. ಅದು ಅವನಿಗೆ ಭಾರವಾಗುವ ಹಣವಲ್ಲ. ಒತ್ತದೆ ಇರುವುದಕ್ಕೆ ಮೊದಲಲ್ಲಿ ಒಂದು ದೊಡ್ಡ ಕಾರಣ ಇಟ್ಟುಕೊಂಡಿದ್ದ: ನನ್ನ ತಂತಿಗೆ ನಾನೇಕೆ ಬಾಡಿಗೆ ಕೊಡಲಿ, ಈ ಸೂಳೇಮಕ್ಕಳಿಗೆ ಒಬ್ಬನಾದರೂ ತಲೆಬಾಗದೆ ಇರಬೇಕು. ಹಗಲೆಲ್ಲ ಊರಿನವರ ತಲೆ ಬಾಗಿಸಲು ವಾಕ್ಯ ಹೊಸೆಯುವವನು ಸಂಜೆ ತನ್ನ ಕಾರಿನಲ್ಲಿ ಕೂತು ತಲೆ ಎತ್ತುತ್ತಿದ್ದ, ಅದೂ ಅಕ್ಕನ ಸೊಂಟದ ಖರ್ಚಿನಲ್ಲಿ. ಈ ಕಾರಣ ಹೆಚ್ಚು ದಿನ ಬಾಳಲಿಲ್ಲ. ಅದರ ಕೆಳಗೆ ಇನ್ನೊಂದು ಇತ್ತು, ಕಲ್ಲೆತ್ತಿದರೆ ಕಾಣುವ ಹುಳದ ಹಾಗೆ. ಸೇತುವೆ ಹತ್ತಿರವಾಗುತ್ತಿದ್ದಂತೆ ಅವನು ಕಿವಿಗೊಡುತ್ತಿದ್ದ. ಈ ಸಲ ಸುಮ್ಮನಿದ್ದದ್ದು ಜಾಸ್ತಿಯಾಯಿತೇ, ಕಮ್ಮಿಯೇ? ಬೈದಳೇ? ಏನೆಂದು ಬೈದಳು? 'ಮೊಲೆ ಬಿಡಿಸಿದ ಹಾಗೆ' ಎಂದಾಗ ಅವನೊಳಗೆ ಒಬ್ಬ ಚುರುಕಾಗಿ ಎದ್ದು, ಸೋಮವಾರಕ್ಕೆ ಚೆನ್ನಾಗಿದೆ ಎಂದಿದ್ದ. ಅವನ ಕತ್ತನ್ನು ಅಲ್ಲೇ ಹಿಸುಕಬೇಕಿತ್ತು. ಹಿಸುಕದೆ ಗೇರು ಬದಲಿಸಿದ್ದ.

ಅಕ್ಕನನ್ನು ಒಳಗೆ ಕಳಿಸಿ ಫಿಸಿಯೋಥೆರಪಿಯ ಕೋಣೆಯ ಹೊರಗೆ ಕಾಯುವಾಗ ಫೋನು ಎರಡು ಸಲ ಅದುರಿತು. ಸಭೆ ಬೇಗ ಶುರು, ಬರಬೇಕು. ಇವತ್ತಿನ ವಿಷಯ ಸೀಟು ಹಿಂದಕ್ಕೆ ಒರಗಿಸುವುದು. ಅರ್ಧದವರೆಗೆ ಪುಕ್ಕಟೆ, ಅದರಾಚೆಗೆ ಬಾಡಿಗೆ. ಒರಗುವುದಕ್ಕೆ ಒಂದು ವಾಕ್ಯ ಬೇಕಂತೆ. ಗೋಡೆಯ ಮೇಲೆ ಮನುಷ್ಯನ ಬೆನ್ನುಮೂಳೆಯ ದೊಡ್ಡ ಚಿತ್ರವಿತ್ತು, ಒಂದೊಂದು ಮಣಿಗೂ ಒಂದೊಂದು ಬಣ್ಣ. ಇದನ್ನು ಪೆಪ್ಪರಮಿಂಟು ನೋಡಿದರೆ ಒಂದೊಂದು ಮಣಿಗೂ ಬೀಗ ಹಾಕುತ್ತಾನೆ ಎಂದುಕೊಂಡ, ನಗು ಬರಲಿಲ್ಲ. ಮೊದಲು ಅಕ್ಕನನ್ನು ಮನೆಗೆ ಬಿಟ್ಟು ಆಮೇಲೆ ಹೋಗುವುದೆಂದು ಹೊರಟರೆ, ಅರ್ಧ ದಾರಿಯಲ್ಲಿ ಅವಳು ಮೆಲ್ಲಗೆ, "ಬಾತ್‌ರೂಮಿಗೆ ಹೋಗಬೇಕಲ್ಲೋ ಮರಿ" ಎಂದಳು. ಪೆಟ್ರೋಲ್ ಬಂಕಿನದಕ್ಕೆ ಬೀಗ ಬಿದ್ದಿತ್ತು. ಅವಳು ತುಟಿ ಕಚ್ಚಿಕೊಂಡಿದ್ದಳು. ಎದುರಿನ ತಿರುವಿನಲ್ಲೇ ಆಫೀಸಿನ ಕಟ್ಟಡ ಕಾಣುತ್ತಿತ್ತು.

"ಅಲ್ಲೇ ಇದೆಯಲ್ಲ ನಿನ್ನ ಆಫೀಸು," ಎಂದಳು ಅಕ್ಕ. "ಅಕ್ಕನ್ನ ತೋರಿಸೋಕೆ ನಾಚಿಕೆಯೇನೋ?"

ಲಿಫ್ಟಿನಲ್ಲಿ ಅವಳು ಕನ್ನಡಕ ಹಾಕಿಕೊಂಡು, ಕನ್ನಡಿಯಲ್ಲಿ ತಲೆಗೂದಲು ಸರಿ ಮಾಡಿಕೊಂಡಳು. ತಮ್ಮನ ಆಫೀಸು ನೋಡುವುದು ಅವಳಿಗೆ ಇದೇ ಮೊದಲು. ಅವಳು ಬಾತ್‌ರೂಮಿನಲ್ಲಿದ್ದಷ್ಟು ಹೊತ್ತು ಅವನು ಹೊರಗೆ ಬಾಗಿಲು ಕಾಯುವವನಂತೆ ನಿಂತಿದ್ದ. ಬೇಗ ಬಾ ಅಕ್ಕ, ಯಾರೂ ಬರುವ ಮೊದಲು ಬಾ. ಬಾತ್‌ರೂಮಿನ ಎದುರಿಗೇ ಆ ಗೋಡೆ, ಆ ಚಾರ್ಟು. ಅವನು ಅದಕ್ಕೆ ಬೆನ್ನು ಕೊಟ್ಟು ಆದಷ್ಟು ಅಗಲವಾಗಿ ನಿಂತ. ಇದ್ದದ್ದು ಒಂದೇ ಬೆನ್ನು, ಚಾರ್ಟು ದೊಡ್ಡದಾಗಿತ್ತು.

ಅಕ್ಕ ಬರುವುದಕ್ಕೂ ಸಭೆಯ ಕೋಣೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಮುಂದೆ ಪೆಪ್ಪರಮಿಂಟು, ಹಿಂದೆ ಚಾರ್ಟಿನ ಹುಡುಗಿ, ಅವಳ ಹಿಂದೆ ಇನ್ನಿಬ್ಬರು.

"ಇವರು?" ಎಂದ ಪೆಪ್ಪರಮಿಂಟು.

"ನಮ್ಮಕ್ಕ," ಎಂದ ಅವನು. ಬೇರೆ ಏನು ಹೇಳಬಹುದಿತ್ತು?

"ಅಕ್ಕನಾ? ಆ ಅಕ್ಕನಾ?" ಪೆಪ್ಪರಮಿಂಟಿನ ಮುಖ ನಿಜವಾಗಿಯೂ ಅರಳಿತು. ಎರಡೂ ಕೈ ಮುಗಿದ. "ಬನ್ನಿ ಅಕ್ಕ, ಬನ್ನಿ. ನಿಮ್ಮ ಹೆಸರು ಹೇಳದೆ ನಮಗಿಲ್ಲಿ ಒಂದು ದಿನ ಹೋಗಲ್ಲ. ನಮಗೆಲ್ಲ ಅನ್ನ ಹಾಕ್ತಿರೋರೇ ನೀವು."

"ನಾನೇನಪ್ಪ ಮಾಡಿದೆ," ಎಂದು ಅಕ್ಕ ಸಂಕೋಚದಿಂದ ನಕ್ಕಳು, ತಮ್ಮನತ್ತ ನೋಡಿ. ಅವಳಿಗೆ ಹೆಮ್ಮೆಯಾಗಿತ್ತು. ಅವಳ ಮುಖದ ಮೇಲಿನ ಆ ಹೆಮ್ಮೆಯನ್ನು ಅವನು ನೋಡಲಾರದೆ ಹೋದ.

"ಸರ್, ಲೇಟಾಗ್ತಿದೆ, ಇವರನ್ನ ಮನೆಗೆ ಬಿಟ್ಟು—"

"ಇರಿ ಇರಿ, ಅಕ್ಕ ಬಂದಿರೋದು ಇದೇ ಮೊದಲು." ಪೆಪ್ಪರಮಿಂಟು ಅಕ್ಕನ ಮೊಣಕೈಯನ್ನು ಮೆತ್ತಗೆ ಹಿಡಿದು ಗೋಡೆಯ ಹತ್ತಿರ ಕರೆದೊಯ್ದ. "ನೋಡಿ, ನಿಮ್ಮ ಹೆಸರೇ ಇಟ್ಟಿದೀವಿ. ಜನಕ್ಕೆ ಸೀಟು ಬಿಸಿ ಮಾಡಿ ಕೊಡೋದು, ಮಧ್ಯ ದಾರೀಲಿ ನಿಲ್ಲಿಸೋದು. ಮೊದಲು ಸುಮ್ಮನಿರ್ತಾರೆ, ಆಮೇಲೆ ನರಳ್ತಾರೆ, ಆಗ ದುಡ್ಡು ಕೇಳೋದು. ನಮ್ಮ ತಲೆಗೆ ಇದು ಹೊಳೀತಾನೇ ಇರ್ಲಿಲ್ಲ. ನಿಮ್ಮ ತಮ್ಮನೇ ಹೇಳಿದ್ದು, ನೀವು ಹೇಗೆ ಮಾಡ್ತೀರಿ ಅಂತ."

"ಅಯ್ಯೋ ಅಮ್ಮಾ," ಎಂದಳು ಚಾರ್ಟಿನ ಹುಡುಗಿ ಸೊಂಟಕ್ಕೆ ಕೈ ಕೊಟ್ಟು. ಅವಳದರಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ, ಪ್ರೀತಿಯಿಂದಲೇ ಅಂದಳು. ಎದೆಯಲ್ಲಿ ತಡೆಯುವುದನ್ನೂ ಬಿಡಲಿಲ್ಲ. ಮಿಕ್ಕವರು ಮೆಲ್ಲಗೆ ನಕ್ಕರು.

ಅಕ್ಕ ಚಾರ್ಟನ್ನು ನೋಡಿದಳು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ತಲೆಬರಹದಿಂದ ಕೆಳಗಿನವರೆಗೆ, ಬಟ್ಟೆಯಲ್ಲಿ ಕಲೆ ಉಳಿದಿದೆಯೇ ಎಂದು ನೋಡುವವಳಂತೆ ನೋಡಿದಳು.

"ಹಾಗಾದ್ರೆ ಅದು ಕೆಟ್ಟಿಲ್ಲ," ಎಂದಳು.

"ಯಾವುದು ಅಕ್ಕ?"

"ಸೀಟು."

"ಛೇ ಛೇ, ಸೀಟಿಗೇನಾಗಿದೆ. ಕಲ್ಲುಗುಂಡಿನ ಹಾಗಿದೆ."

"ನನ್ನ ಹಾಗೇ ಮಾಡಿ ತೋರಿಸ್ತಾನಾ ಇವನು?"

"ಬಿದ್ದು ಬಿದ್ದು ನಕ್ಕಿದೀವಿ ಅಕ್ಕ. ಕಣ್ಣಲ್ಲಿ ನೀರು."

"ಹೌದು," ಎಂದಳು ಅಕ್ಕ. "ಚಿಕ್ಕಂದಿನಿಂದ್ಲೂ ಹಾಗೇ. ಯಾರನ್ನ ಬೇಕಾದ್ರೂ ಆಡಿ ತೋರಿಸ್ತಿದ್ದ." ಪೆಪ್ಪರಮಿಂಟು ಜೇಬಿನಿಂದ ಎರಡು ಪೆಪ್ಪರಮಿಂಟು ತೆಗೆದು ಅವಳ ಅಂಗೈಯಲ್ಲಿಟ್ಟ. ಬೇಡ ಅನ್ನಲಿಲ್ಲ ಅವಳು. ಒಂದರ ಕಾಗದ ಬಿಡಿಸಿ ಅವರೆದುರಿಗೇ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆಯಪ್ಪ" ಎಂದಳು.  ಅವನು ಏನಾದರೂ ಹೇಳಬೇಕಿತ್ತು, ಈ ಚಾರ್ಟನ್ನು ಹರಿದು ಹಾಕಬೇಕಿತ್ತು, ಪೆಪ್ಪರಮಿಂಟಿನ ಕೊರಳಪಟ್ಟಿ ಹಿಡಿಯಬೇಕಿತ್ತು. ಅವನು ಮಾಡಿದ್ದು ಇಷ್ಟೇ: ಎಲ್ಲರ ಜೊತೆ ತಾನೂ ಹಲ್ಲು ಕಿರಿದ. ಕಿರಿದದ್ದು ಅವನಿಗೆ ಕೆನ್ನೆ ನೋಯತೊಡಗಿದಾಗಲೇ ಗೊತ್ತಾಯಿತು.

ಕೆಳಗೆ ಬಂದು ಕಾರು ಹತ್ತುವಾಗ ಅವಳು ಬಾಗಿಲಿನ ಅಂಚು ಹಿಡಿದು, ಒಂದು ಕಾಲು ಒಳಗಿಟ್ಟು, ಸೊಂಟ ತಿರುಗಿಸಿದಳು. ಪ್ರತಿ ಸಲ ಆ ಗಳಿಗೆಯಲ್ಲಿ ಒಂದು ನರಳಿಕೆ ಹೊರಬೀಳುತ್ತಿತ್ತು. ಈಗ ಬೀಳಲಿಲ್ಲ. ಮೂಗಿನಿಂದ ಉಸಿರು ಮಾತ್ರ ಬಂತು. ಅವನು ಬೆಲ್ಟು ಹಾಕಲು ಕೈ ಚಾಚಿದರೆ, "ನಾನೇ ಹಾಕ್ಕೋತೀನಿ ಬಿಡು" ಎಂದಳು. ಕಾರು ಶುರುವಾಯಿತು, ಬಿಸಿ ಬಂತು. ಬರಬೇಕಾದದ್ದೇ, ದಾರಿಯ ಮೊದಲ ತುಂಡು ಪುಕ್ಕಟೆ. ಅಕ್ಕ ಬೆನ್ನನ್ನು ಸೀಟಿಗೆ ಒರಗಿಸದೆ, ಯಾರದೋ ಮನೆಯ ಕುರ್ಚಿಯಲ್ಲಿ ಕೂತವಳಂತೆ, ನೆಟ್ಟಗೆ ಕೂತಳು.

"ಅಕ್ಕ," ಎಂದ ಅವನು. "ಅವರು ಹೇಳಿದ್ದು..."

"ಸಿಗ್ನಲ್ ಬಿಡ್ತು ನೋಡು."

ಹಿಂದಿನವರು ಹಾರ್ನ್ ಹೊಡೆದರು. ಅವನು ಹೊರಟ. ಬೈಯಲಿ ಎಂದು ಕಾದ. ಸಣ್ಣವನಿದ್ದಾಗ ಲಾಂಡ್ರಿಯ ಯಜಮಾನನನ್ನು ಅಣಕಿಸಿದ್ದಕ್ಕೆ ಅವಳು ಬೆನ್ನಿಗೆ ನಾಲ್ಕು ಬಿಟ್ಟು, ಆಮೇಲೆ ತಾನೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಈಗಲೂ ಹೊಡೆಯಬಹುದಿತ್ತು. ನಾಯಿ ಎನ್ನಬಹುದಿತ್ತು, ನಿನ್ನನ್ನ ಸಾಕಿದ್ದಕ್ಕೆ ಇದೇನೋ ಎನ್ನಬಹುದಿತ್ತು. ಅವಳು ಕಿಟಕಿಯಾಚೆ ಅಂಗಡಿಗಳನ್ನು ನೋಡುತ್ತಾ, ಇಲ್ಲಿ ಮೊದಲು ಬಟ್ಟೆ ಅಂಗಡಿ ಇತ್ತಲ್ಲ, ಈಗ ಏನೋ ಬಂದಿದೆ ಎಂದಳು. ಸೊಸೆಯ ತಂಗಿಗೆ ಕೆಲಸ ಸಿಕ್ಕಿದೆ ಎಂದಳು. ನೆಂಟರ ಜೊತೆ ಆಡುವ ಮಾತು. ಅವನು ಹೂಂ, ಹೌದಾ ಎನ್ನುತ್ತಾ ಹೋದ. ತನ್ನ ಬಾಯಿಂದ ಬರುವ ಒಂದೊಂದು ಹೂಂ ಕೂಡ ಅವನಿಗೆ ಅಸಹ್ಯವೆನಿಸುತ್ತಿತ್ತು.

ಸೇತುವೆ ಬಂತು. ಇಳಿಜಾರಿನಲ್ಲಿ ಬಿಸಿ ನಿಂತಿತು. ಅವನು ರಸ್ತೆ ನೋಡುತ್ತಿದ್ದರೂ ಇಡೀ ಮೈ ಕಿವಿಯಾಗಿತ್ತು. ಕೈಚೀಲದ ಹಿಡಿಯ ಮೇಲೆ ಅವಳ ಬೆರಳ ಗೆಣ್ಣು ಬೆಳ್ಳಗಾದದ್ದು ಕಾಣುತ್ತಿತ್ತು. ನರಳು ಅಕ್ಕ, ಒಂದು ಸಲ ನರಳು, ಬೈಯಿ, ಮಷೀನನ್ನು ಬೈದರೂ ಸರಿ. ಅವಳು ನರಳಲಿಲ್ಲ. ನರಳಿಕೆಗೆಂದು ಬಿಟ್ಟಿದ್ದ ಜಾಗ ಖಾಲಿ ಹೋಯಿತು, ಆಮೇಲೆ ಪರದೆಯ ಮೇಲೆ ವಾಕ್ಯ ಮೂಡಿತು. ಅಕ್ಕನ ಮೂಗಿನ ಮೇಲೆ ಕನ್ನಡಕ ಇತ್ತು. ಅವಳು ಅದನ್ನು ಓದುತ್ತಿದ್ದಾಳೆ ಎಂದು ಅವನಿಗೆ ಪಕ್ಕಕ್ಕೆ ತಿರುಗದೆಯೂ ಗೊತ್ತಾಯಿತು. ಪೂರ್ತಿ ಓದಿ, ನೋಟ ರಸ್ತೆಗೆ ಹೊರಳಿಸಿದಳು.

ಅವನು 'ಮುಂದುವರಿಸಿ' ಒತ್ತಿದ. ಬೆರಳು ಬೆವತಿತ್ತೋ ಏನೋ, ಮೊದಲ ಸಲ ಹತ್ತಲಿಲ್ಲ, ಇನ್ನೊಮ್ಮೆ ಒತ್ತಿದ. ಪರದೆ ಧನ್ಯವಾದ ಹೇಳಿತು, ಅದೂ ಅವನು ಬರೆದದ್ದೇ. ಬಿಸಿ ಮತ್ತೆ ಬಂತು.

"ಅಕ್ಕ, ಒರಗಿಕೋ. ನೋಯ್ತಿದ್ಯಾ?"

"ಇಲ್ಲಪ್ಪ," ಎಂದಳು ಅಕ್ಕ, ಅವನತ್ತ ತಿರುಗಿ, ಮುಖದ ತುಂಬ ನಗು ಮಾಡಿಕೊಂಡು. "ಏನೂ ನೋವಿಲ್ಲ. ಆರಾಮಾಗಿದೀನಿ."

ಬಿಸಿ ಮನೆಯವರೆಗೂ ನಿಲ್ಲಲಿಲ್ಲ.